ಮದುವೆಗೆ ಸಾಕ್ಷಿ ಯಾರು?

ಮದುವೆಗೆ ಸಾಕ್ಷಿ ಯಾರೆಂದು ನಮ್ಮ ಊರುಗಳಲ್ಲಿ ಯಾರೂ ಕೇಳುವುದಿಲ್ಲ. ಅಗ್ನಿ ಸಾಕ್ಷಿ, ನೆರೆದ ಬಂಧುವರ್ಗ ಸಾಕ್ಷಿ, ಪಂಕ್ತಿಯಲ್ಲಿ ಕುಳಿತು ಉಂಡು ಹರಸಿ ಹೋದ ಊರೆಲ್ಲವೂ ಸಾಕ್ಷಿ. ಆದರೆ ಅದೇ ಮದುವೆ ಸಮುದ್ರವನ್ನು ದಾಟಿ ಅನ್ಯದೇಶದ ಬಾಗಿಲಿಗೆ ಹೋಗಿ ನಿಂತಾಗ ಈ ಸಾಕ್ಷಿಗಳಲ್ಲಿ ಒಬ್ಬರೂ ಜೊತೆಗೆ ಬರಲಾರರು. ಅಲ್ಲಿ ಮಾತನಾಡುವುದು ಕಾಗದ. ಕಾಗದದ ಬೆನ್ನಿಗೆ ಮದುಮಗಳ ಬಾಯಿಮಾತು. ಇವೆರಡರ ಮಹತ್ವವನ್ನು ಸಕಾಲದಲ್ಲಿ ಅರಿಯದೆ ಎಷ್ಟೋ ದಂಪತಿಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಗಲಿರಬೇಕಾಗುತ್ತದೆ. ನಮ್ಮ ಮನೆಯಲ್ಲಿಯೇ ನಡೆದ ಪ್ರಸಂಗವೊಂದನ್ನು ವಾಚಕರ ಮುಂದಿಡುತ್ತಿರುವುದು ಈ ಕಾರಣದಿಂದ.

ನನ್ನ ತಂಗಿಯ ಮಗಳ ವಿವಾಹವು 2023ರ ಫೆಬ್ರವರಿಯಲ್ಲಿ ಸಾಗರದಲ್ಲಿ ನೆರವೇರಿತು. ವರನು ಅಮೆರಿಕದಲ್ಲಿ ನೆಲೆಸಿ ಅಲ್ಲಿಯ ಪೌರತ್ವವನ್ನು ಪಡೆದ ಕನ್ನಡಿಗ. ಮದುವೆಯಾದ ಮೇಲೆ ಇಪ್ಪತ್ತು ದಿನ ಇದ್ದು, ಬೇಗನೆ ಕರೆಸಿಕೊಳ್ಳುವೆನೆಂದು ಹೇಳಿ ಹೋದ. ಹುಡುಗಿ ವೀಸಾ ಸಂದರ್ಶನಕ್ಕೆಂದು ಮುಂಬಯಿಗೆ ಬಂದು ಮಾಟುಂಗಾದ ನಮ್ಮ ಮನೆಯಲ್ಲಿ ಇಳಿದದ್ದು 2025ರ ಮಾರ್ಚಿನಲ್ಲಿ. ನಡುವಣ ಎರಡು ವರ್ಷ ಅವಳು ತವರಿನಲ್ಲಿಯೇ ಇದ್ದಳು. ಪೇಟೆಗೆ ಹೋದರೆ, ದೇವಸ್ಥಾನಕ್ಕೆ ಹೋದರೆ, “ಮಗಳು ಇನ್ನೂ ಇಲ್ಲೇ ಇದಾಳಾ?” ಎಂಬ ಒಂದೇ ಪ್ರಶ್ನೆ ನನ್ನ ತಂಗಿಗೆ ಎದುರಾಗುತ್ತಿತ್ತು. ಕೊನೆಕೊನೆಗೆ ಅವಳು ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು.

ಅರ್ಜಿಯ ದಾರಿ

ಅಮೆರಿಕಕ್ಕೆ ತಾತ್ಕಾಲಿಕ ಉದ್ಯೋಗದ ಮೇಲೆ ಹೋದವರ ಪತ್ನಿಗೆ ದೊರೆಯುವ ಎಚ್-4 ವೀಸಾದ ಮಾತು ಬೇರೆ. ಖಾಯಂ ನೆಲೆಸಲು ಹೋಗುವ ವಲಸೆ ವೀಸಾದ ಮಾತು ಬೇರೆ. ಎರಡನೆಯದಕ್ಕೆ ಮೊದಲು ಅರ್ಜಿ ಹಾಕಬೇಕಾದವನು ಅಲ್ಲಿರುವ ಗಂಡ. ಆ ಅರ್ಜಿಗೆ ಐ-130 ಎಂದು ಹೆಸರು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಂತೆ ಕಾಗದದ ಮೇಲೆ ಸಲ್ಲಿಸಿದರೆ ಅದಕ್ಕೆ 675 ಡಾಲರು, ಆನ್‌ಲೈನಿನಲ್ಲಾದರೆ 625 ಡಾಲರು ಶುಲ್ಕ. ಗಂಡ ಪೌರನಾಗಿದ್ದರೆ ಪತ್ನಿಗೆ ವಾರ್ಷಿಕ ಸಂಖ್ಯೆಯ ಮಿತಿಯಿಲ್ಲ. ಅವನಲ್ಲಿ ಗ್ರೀನ್ ಕಾರ್ಡ್ ಮಾತ್ರ ಇದ್ದರೆ ಮಿತಿಯುಂಟು. ಆಗ ಸರದಿಗಾಗಿ ಕಾಯಬೇಕು. ಸಂಬಂಧವನ್ನು ನಿಶ್ಚಯಿಸುವಾಗ ಈ ಭೇದವನ್ನು ವಿಚಾರಿಸುವ ಹೆಣ್ಣಿನ ತಂದೆತಾಯಿಗಳು ವಿರಳ.

ಅರ್ಜಿ ಮಂಜೂರಾದ ಮೇಲೆ ಕಡತವು ನ್ಯೂ ಹ್ಯಾಂಪ್‌ಷೈರ್ ಪ್ರಾಂತದಲ್ಲಿರುವ ನ್ಯಾಷನಲ್ ವೀಸಾ ಸೆಂಟರ್ ಎಂಬ ಕಛೇರಿಗೆ ಹೋಗುತ್ತದೆ. ಅಲ್ಲಿ ವೀಸಾ ಅರ್ಜಿಗೆ 325 ಡಾಲರು, ಪೋಷಣೆಯ ಹೊಣೆಪತ್ರಕ್ಕೆ 120 ಡಾಲರು ತೆರಬೇಕು. ಹೆಂಡತಿಯನ್ನು ಸರ್ಕಾರದ ಮೇಲೆ ಹೊರೆಯಾಗಿಸದೆ ಸಾಕಬಲ್ಲೆನೆಂದು ಗಂಡ ಬರೆದುಕೊಡುವ ಹೊಣೆಪತ್ರವಿದು. ಸರ್ಕಾರ ಗೊತ್ತುಪಡಿಸಿದ ಬಡತನದ ರೇಖೆಯ ಶೇಕಡ 125ರಷ್ಟು ಆದಾಯವನ್ನಾದರೂ ಅವನು ಸಾಮಾನ್ಯವಾಗಿ ತೋರಿಸಬೇಕು. ಇತ್ತ ಹೆಂಡತಿ ಡಿಎಸ್-260 ಎಂಬ ದೀರ್ಘವಾದ ನಮೂನೆಯನ್ನು ತುಂಬಿ, ಜನನಪತ್ರ, ವಿವಾಹಪತ್ರ, ಪೊಲೀಸ್ ಪ್ರಮಾಣಪತ್ರಗಳನ್ನು ಒಪ್ಪಿಸಬೇಕು. ಈ ಪೊಲೀಸ್ ಪ್ರಮಾಣಪತ್ರವನ್ನು ನಮ್ಮಲ್ಲಿ ಪಾಸ್‌ಪೋರ್ಟ್ ಕಛೇರಿ ಕೊಡುತ್ತದೆ. ಹದಿನಾರು ವಯಸ್ಸಾದ ಮೇಲೆ ಬೇರೆ ದೇಶದಲ್ಲಿ ಒಂದು ವರ್ಷವೋ ಹೆಚ್ಚೋ ಇದ್ದವರು ಅಲ್ಲಿಂದಲೂ ಅದನ್ನು ತರಿಸಬೇಕಾಗುತ್ತದೆ.

ಹೆಸರಿಲ್ಲದ ಜನನಪತ್ರ

ನಮ್ಮ ಹುಡುಗಿಯ ಕೆಲಸ ನಿಂತದ್ದು ಇಲ್ಲಿ. ಅವಳು ಹುಟ್ಟಿದಾಗ ಆಸ್ಪತ್ರೆಯವರು ಜನನವನ್ನು ನೋಂದಾಯಿಸಿದ್ದರು. ಆದರೆ ನಾಮಕರಣ ಇನ್ನೂ ಆಗಿರಲಿಲ್ಲವಾದುದರಿಂದ ದಾಖಲೆಯಲ್ಲಿ ‘ಹೆಣ್ಣು’ ಎಂದಷ್ಟೇ ಇತ್ತು. ಹೆಸರಿನ ಜಾಗ ಬರಿದಾಗಿತ್ತು. ಹೀಗೆ ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು ಗೊತ್ತಾದ ಅವಧಿಯೊಳಗೆ ತಿಳಿಸಿ ಸೇರಿಸಬೇಕೆಂದು 1969ರ ಜನನ ಮರಣ ನೋಂದಣಿ ಕಾಯಿದೆಯ 14ನೆಯ ಕಲಮು ಹೇಳುತ್ತದೆ. ತೊಟ್ಟಿಲಿನ ಸಂಭ್ರಮದಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ಶಾಲೆಗೆ ಸೇರಿಸಿದೆವು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದಿತು. ಮುಂದಿನ ವ್ಯವಹಾರವೆಲ್ಲ ಅದರ ಮೇಲೆಯೇ ನಡೆಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಕನ್ನಡಿಗರಾದ ನಮ್ಮ ಹೆಸರುಗಳ ಪದ್ಧತಿಯೇ ಬೇರೆಯವರಿಗೆ ಒಗಟು. ಊರಿನದೊಂದು ಅಕ್ಷರ, ತಂದೆಯ ಹೆಸರಿನದೊಂದು ಅಕ್ಷರ, ಆಮೇಲೆ ತನ್ನ ಹೆಸರು. ಅಂಕಪಟ್ಟಿಯಲ್ಲಿ ಅವಳು ಎರಡು ಇನಿಷಿಯಲ್ಲಿನ ಹುಡುಗಿ. ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು ಅವಳ ಮನೆತನದ ಹೆಸರಾಗಿ ಕುಳಿತಿತ್ತು. ಮದುವೆ ನೋಂದಣಿಯ ದಿನ ಯಾರೋ ಹಿರಿಯರು ಉತ್ಸಾಹದಿಂದ ಗಂಡನ ಮನೆತನದ ಹೆಸರನ್ನು ಬರೆಯಿಸಿಬಿಟ್ಟಿದ್ದರು. ಒಟ್ಟಿಗೆ ಇಟ್ಟು ನೋಡಿದರೆ ನಾಲ್ಕು ಕಾಗದಗಳಲ್ಲಿ ನಾಲ್ವರು ಹೆಣ್ಣುಮಕ್ಕಳು!

ಜನನಪತ್ರ ಅಪೂರ್ಣವೆಂದು ಕಡತ ಹಿಂದಕ್ಕೆ ಬಂದಿತು. ಶಾಲೆಯ ದಾಖಲೆ, ತಂದೆತಾಯಿಗಳ ಪ್ರಮಾಣಪತ್ರ, ನೋಟರಿಯ ಮುದ್ರೆ ಎಂದು ನನ್ನ ಭಾವ ಅಲೆದ ಅಲೆದಾಟ ಅಷ್ಟಿಷ್ಟಲ್ಲ. ಕೊನೆಗೆ ಮಗಳ ಹೆಸರು ದಾಖಲೆಯಲ್ಲಿ ಸೇರಿತು. ನಾಲ್ಕು ಹೆಸರುಗಳೂ ಒಬ್ಬಳವೇ ಎಂಬ ಪ್ರಮಾಣಪತ್ರವೂ ಸಿದ್ಧವಾಯಿತು. ಆ ಹೊತ್ತಿಗೆ ಐದು ತಿಂಗಳು ಕಳೆದಿದ್ದವು. ಯಾರನ್ನು ದೂರೋಣ? ತಪ್ಪು ನಮ್ಮದೇ.

ವಿವಾಹ ನೋಂದಣಿಯ ವಿಷಯದಲ್ಲಿಯೂ ನಮ್ಮವರ ಔದಾಸೀನ್ಯ ಇಂಥದೇ. 1955ರ ಹಿಂದೂ ವಿವಾಹ ಕಾಯಿದೆಯ 8ನೆಯ ಕಲಮಿನಲ್ಲಿ ಅದಕ್ಕೆ ಅವಕಾಶವಿದೆ. ವಿವಾಹಗಳ ನೋಂದಣಿಯನ್ನು ಕಡ್ಡಾಯ ಮಾಡಬೇಕೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಲಗ್ನಪತ್ರಿಕೆ, ಛಾಯಾಚಿತ್ರಗಳು ವಿವಾಹಪತ್ರಕ್ಕೆ ಬೆಂಬಲವಾದಾವೇ ಹೊರತು ಅದರ ಸ್ಥಾನದಲ್ಲಿ ನಿಲ್ಲಲಾರವು.

ಕಿಟಕಿಯ ಮುಂದೆ

ಭಾರತದಲ್ಲಿ ಅಮೆರಿಕದ ವಲಸೆ ವೀಸಾ ಸಂದರ್ಶನಗಳು ಬಹುಮಟ್ಟಿಗೆ ಮುಂಬಯಿಯಲ್ಲಿಯೇ ನಡೆಯುತ್ತವೆ. ಆದುದರಿಂದ ಊರಿನಿಂದ ಬರುವ ಇಂಥ ಹೆಣ್ಣುಮಕ್ಕಳಿಗೆ ನಮ್ಮ ಮುಂಬಯಿ ಕನ್ನಡಿಗರ ಮನೆಗಳೇ ಕೊನೆಯ ತಂಗುದಾಣ. 2011ರವರೆಗೆ ಬ್ರೀಚ್ ಕ್ಯಾಂಡಿಯ ಲಿಂಕನ್ ಹೌಸಿನಲ್ಲಿದ್ದ ಕಾನ್ಸಲೇಟು ಆ ವರ್ಷ ಬಾಂದ್ರಾ–ಕುರ್ಲಾ ಸಂಕೀರ್ಣಕ್ಕೆ ಬಂದಿತು. ಸಂದರ್ಶನಕ್ಕೆ ಮುಂಚೆ ಕಾನ್ಸಲೇಟು ನೇಮಿಸಿದ ವೈದ್ಯರಲ್ಲಿ ಪರೀಕ್ಷೆಯಾಗಬೇಕು. ಎದೆಯ ಎಕ್ಸ್‌ರೇ, ಚುಚ್ಚುಮದ್ದುಗಳ ಲೆಕ್ಕ ಇದರಲ್ಲಿ ಸೇರಿವೆ.

ಹಿಂದಿನ ರಾತ್ರಿ ಮನೆಯ ಹುಡುಗರೆಲ್ಲ ಸೇರಿ ಅವಳಿಗೆ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅವಳು ನನ್ನ ಕಡೆಗೆ ತಿರುಗಿ, “ಮಾವ, ಅವರಿಗೆ ಯಾವ ತಿಂಡಿ ಇಷ್ಟ ಅಂತ ಕೇಳಿದರೆ ಏನು ಹೇಳಲಿ?” ಎಂದಳು.

“ನಿನಗೆ ಗೊತ್ತಿದೆಯೇನಮ್ಮ?”

“ಇಲ್ಲ ಮಾವ. ಇದ್ದಷ್ಟು ದಿನ ಮಾಡಿಹಾಕಿದ್ದನ್ನೆಲ್ಲ ಚೆನ್ನಾಗಿದೆ ಅಂತಲೇ ತಿಂದರು.”

“ಹಾಗಾದರೆ ಹಾಗೆಯೇ ಹೇಳು” ಎಂದೆ. ಹುಡುಗರು ನಕ್ಕರು, ಅವಳು ನಗಲಿಲ್ಲ.

ಮರುದಿನ ಒಳಗೆ ಮೊಬೈಲಿಗೂ ಪ್ರವೇಶವಿಲ್ಲ, ಬಂಧುಗಳಿಗೂ ಪ್ರವೇಶವಿಲ್ಲ. ಕಾಗದದ ಕಟ್ಟನ್ನು ಎದೆಗೆ ಅವಚಿಕೊಂಡು ಅವಳೊಬ್ಬಳೇ ಹೋದಳು. ನಾನೂ ತಂಗಿಯೂ ಬೀದಿಯಲ್ಲಿ ನಿಂತೆವು. ತಂಗಿ ಕಟ್ಟಿತಂದಿದ್ದ ಅವಲಕ್ಕಿಯ ಡಬ್ಬಿಯನ್ನು ಇಬ್ಬರೂ ಬಿಚ್ಚಲಿಲ್ಲ.

ಬೆರಳಚ್ಚು ಕೊಟ್ಟು, ಬಲಗೈಯೆತ್ತಿ ಸತ್ಯವನ್ನೇ ಹೇಳುವೆನೆಂದು ಪ್ರಮಾಣ ಮಾಡಿದ ಮೇಲೆ ಕಿಟಕಿಯಾಚೆಯ ಅಧಿಕಾರಿಣಿ ಕೇಳಿದ್ದು ಕೆಲವೇ ಪ್ರಶ್ನೆಗಳು. ಸಂಬಂಧವನ್ನು ಕೂಡಿಸಿದವರು ಯಾರು? ಮದುವೆಗೆ ಅವರ ಕಡೆಯಿಂದ ಯಾರು ಯಾರು ಬಂದಿದ್ದರು? ಮದುವೆಯಾದ ಮೇಲೆ ಎಷ್ಟು ದಿನ ಒಟ್ಟಿಗಿದ್ದಿರಿ? ಮೊದಲು ಇಪ್ಪತ್ತು ದಿನ, ಮರುವರ್ಷ ಅವರು ಬಂದಾಗ ಹದಿನೈದು ದಿನ ಎಂದಳು. ಅವರ ಸಂಬಳವೆಷ್ಟೆಂದು ಕೇಳಿದಾಗ ಬಾಯಿಪಾಠವಾಗಿದ್ದ ಅಂಕಿ ಮರೆತುಹೋಯಿತು. “ನನಗೆ ಸರಿಯಾಗಿ ಗೊತ್ತಿಲ್ಲ, ಕಾಗದದಲ್ಲಿದೆ” ಎಂದಳು. ಅಧಿಕಾರಿಣಿ ಹೆಸರುಗಳ ಪ್ರಮಾಣಪತ್ರವನ್ನು ಒಂದು ನಿಮಿಷ ಓದಿ, ವೀಸಾ ಮಂಜೂರಾಗಿದೆಯೆಂದು ಹೇಳಿ ಪಾಸ್‌ಪೋರ್ಟನ್ನು ಇರಿಸಿಕೊಂಡಳು. ಎರಡು ವರ್ಷದ ನಿರೀಕ್ಷೆ ಕಾಲು ಗಂಟೆಯಲ್ಲಿ ಮುಗಿದಿತ್ತು.

ಆ ಕಾಲು ಗಂಟೆಯ ತೂಕ ಸಾಮಾನ್ಯವಲ್ಲ. ಕಾನ್ಸಲ್ ಅಧಿಕಾರಿ ವೀಸಾವನ್ನು ನಿರಾಕರಿಸಿದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಹೊರದೇಶದ ಪತಿಯನ್ನೋ ಪತ್ನಿಯನ್ನೋ ದೇಶದೊಳಗೆ ಸೇರಿಸಿಕೊಳ್ಳಬೇಕೆಂಬುದು ಪೌರನ ಮೂಲಭೂತ ಹಕ್ಕಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 2024ರ ಜೂನಿನಲ್ಲಿ ಮುನ್ಯೋಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ವೀಸಾಕ್ಕಾಗಿಯೇ ಹೂಡಿದ ಸುಳ್ಳು ಮದುವೆಗೆ ಆ ದೇಶದ ಕಾನೂನಿನಲ್ಲಿ ಐದು ವರ್ಷದವರೆಗೆ ಸೆರೆಮನೆಯೂ ಎರಡೂವರೆ ಲಕ್ಷ ಡಾಲರಿನವರೆಗೆ ದಂಡವೂ ಉಂಟು. ಕಾಗದದಲ್ಲಿ ಕೊರತೆಯಿದ್ದರೆ ಅದನ್ನು ತುಂಬಿಕೊಡಲು ಅವಕಾಶ ದೊರೆಯುತ್ತದೆ. ಪ್ರಮಾಣ ಮಾಡಿ ಆಡಿದ ಸುಳ್ಳಿಗೆ ಪರಿಹಾರ ದುರ್ಲಭ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದ ಹುಡುಗಿ ಕೆಟ್ಟಿಲ್ಲವೆಂಬುದನ್ನು ಬಾಯಿಪಾಠ ಮಾಡಿಸುವವರು ನೆನಪಿಡಬೇಕು.

ತಡವಾದುದರಿಂದ ಅವಳಿಗೆ ಒಂದು ಲಾಭವೂ ಆಯಿತು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಅಮೆರಿಕವನ್ನು ಪ್ರವೇಶಿಸುವವರಿಗೆ ಎರಡು ವರ್ಷದ ಷರತ್ತಿನ ವಾಸ್ತವ್ಯ ಮಾತ್ರ. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ದಂಪತಿಗಳು ಕೂಡಿ ಮತ್ತೆ ಅರ್ಜಿ ಸಲ್ಲಿಸಬೇಕು. ಅವಳಿಗೆ ಎರಡು ವರ್ಷ ತುಂಬಿದ್ದುದರಿಂದ ಆ ಷರತ್ತಿಲ್ಲದೆ ಹತ್ತು ವರ್ಷದ ಕಾರ್ಡು ಬಂದಿತು. ಆದರೆ ಈ ಲಾಭಕ್ಕಾಗಿ ಯಾರೂ ಎರಡು ವರ್ಷ ಅಗಲಿರಲು ಬಯಸಲಾರರು.

ವಿದೇಶದ ಸಂಬಂಧ ಬಂದಾಗ ನಾವು ಜಾತಕಗಳನ್ನು ಕೂಡಿಸಿ ನೋಡುತ್ತೇವೆ. ಅದೇ ದಿನ ಜನನಪತ್ರ, ಅಂಕಪಟ್ಟಿ, ಪಾಸ್‌ಪೋರ್ಟುಗಳನ್ನೂ ಕೂಡಿಸಿ ನೋಡುವುದು ಒಳಿತು. ಅವುಗಳಲ್ಲಿರುವ ಹೆಸರು ಹೊಂದದಿದ್ದರೆ ಅಡಿಗೆಯವರಿಗೆ ಮುಂಗಡ ಕೊಡುವ ಮೊದಲೇ ಸರಿಪಡಿಸಿಕೊಳ್ಳಬೇಕು. ಮನೆಯಲ್ಲಿ ಮಗು ಹುಟ್ಟಿದವರಂತೂ ನಾಮಕರಣದ ಮರುದಿನವೇ ನೋಂದಣಿ ಕಛೇರಿಗೆ ಹೋಗಿ ಆ ಹೆಸರನ್ನು ಬರೆಯಿಸಿ ಬರಬೇಕು.

ಮೊನ್ನೆ ನಾನು ಸಾಗರಕ್ಕೆ ಹೋಗಿದ್ದಾಗ ತಂಗಿ ಯಾರದೋ ಮನೆಯ ಮದುವೆಗೆ ಹೊರಟು ನಿಂತಿದ್ದಳು.