ಚರ್ಮದ ಕಾವಲಿಗೆ ಅಡುಗೆಮನೆಯ ನೆರವು

ಶ್ರೀಗಂಧದ ಕಾವಲ್‌ನಲ್ಲಿ ಈಗ ಮನೆಗಳೇ ತುಂಬಿವೆ; ಗಂಧ ಊರ ಹೆಸರಿನಲ್ಲಿ ಉಳಿದಿದೆ. ಆ ಮರದ ಚೇಗಿನಲ್ಲಿ ತುಂಬಿರುವ ಎಣ್ಣೆಯಿಂದಾಗಿ ಅದಕ್ಕೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಗಿಡಮರಗಳಿಗೆ ಓಡಿಹೋಗಲು ಕಾಲಿಲ್ಲ, ತುರಿಸಿಕೊಳ್ಳಲು ಕೈಯಿಲ್ಲ. ಕೀಟ, ಬೂಷ್ಟು, ಬಿಸಿಲಿನಿಂದ ಪಾರಾಗಲು ಅವು ತಮ್ಮೊಳಗೇ ಔಷಧ ತಯಾರಿಸಿಕೊಳ್ಳುತ್ತವೆ. ಮೆಣಸಿನ ಖಾರ, ಮೂಲಂಗಿಯ ಘಾಟು ಅಂಥವೇ. ಅವನ್ನು ತಿನ್ನುವ ನಮ್ಮ ಚರ್ಮಕ್ಕೂ ಒಂದಿಷ್ಟು ಲಾಭವಿದೆ. ಆ ಲಾಭ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ನೀವು ತಿಳಿದಿರಬೇಕು.

ಚರ್ಮಕ್ಕೆ ಹುಟ್ಟಿನಿಂದಲೇ ಬಂದ ರಕ್ಷಣೆಯಿದೆ. ಮೇಲಿನ ಗಟ್ಟಿ ಪದರ, ಅದರ ಸ್ವಲ್ಪ ಹುಳಿ ಗುಣ, ರೋಗಾಣುಗಳನ್ನು ಕೊಲ್ಲುವ ಕ್ಯಾಥೆಲಿಸಿಡಿನ್‌ನಂಥ ಚಿಕ್ಕ ಪ್ರೋಟೀನುಗಳು. ಅರಿಸಿನದ ಕರ್ಕ್ಯುಮಿನ್ ಈ ಪ್ರೋಟೀನಿನ ತಯಾರಿಕೆಯನ್ನು ಹೆಚ್ಚಿಸುತ್ತದೆ ಎಂದು 2012ರಲ್ಲಿ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು ತೋರಿಸಿದರು. ಆದರೆ ಅದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಕಂಡದ್ದು, ಊಟ ಮಾಡಿದವರಲ್ಲಲ್ಲ.

ತೊಡಕಿರುವುದು ಇಲ್ಲೇ. ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಸತ್ವವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟಾಗ ಅದು ಮೈಗೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಕೇಳಲು ಸೊಗಸು. ಆದರೆ ಅರಿಸಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ಪಾಲಿನಷ್ಟು. 2 ಗ್ರಾಂ ಬೇಕೆಂದರೆ ಅರವತ್ತು ಗ್ರಾಂಗೂ ಮೇಲೆ ಅರಿಸಿನ ಬೇಕು. ಯಾವ ಮನೆಯ ಸಾರಿಗೂ ಅಷ್ಟು ಬೀಳುವುದಿಲ್ಲ, ಬೀಳಲೂಬಾರದು. ಹಾಗೆಂದು ಮಾತ್ರೆಗೆ ಕೈ ಹಾಕಬೇಡಿ. ಮೆಣಸಿನ ಸತ್ವ ಬೆರೆಸಿದ ಅರಿಸಿನದ ಮಾತ್ರೆ ನುಂಗಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಅಮೆರಿಕ, ಇಟಲಿಗಳಲ್ಲಿ ವರದಿಯಾಗಿವೆ.

ಇರುವ ಚಿಟಿಕೆಯನ್ನಾದರೂ ಉಳಿಸಿಕೊಳ್ಳಬಹುದು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2007ರಲ್ಲಿ ಕಂಡಂತೆ, ಅರಿಸಿನ ಬೇಯಿಸಿದಾಗ ಕರ್ಕ್ಯುಮಿನ್ ನೂರಕ್ಕೆ 27ರಿಂದ 53ರಷ್ಟು ನಷ್ಟ. ಪ್ರೆಶರ್ ಕುಕ್ಕರಿನಲ್ಲಿ ಅತಿ ಹೆಚ್ಚು. ಹುಣಸೆ ಜೊತೆಗಿದ್ದರೆ ನಷ್ಟ 12ರಿಂದ 30ಕ್ಕೆ ಇಳಿಯುತ್ತದೆ. ಅಂದರೆ ಹುಣಸೆಹುಳಿ ಬಿದ್ದ ನಿಮ್ಮ ದಾಲ್ಚಾ ಈ ಲೆಕ್ಕದಲ್ಲಿ ಗೆದ್ದಿತು!

ಮೂಲಂಗಿ, ಎಲೆಕೋಸು, ನವಿಲುಕೋಸಿನ ಕತೆ ಬೇರೆ. ಈ ಕುಟುಂಬದ ತರಕಾರಿಗಳ ಅಂಶಗಳು ಕರುಳು ಮತ್ತು ಚರ್ಮದ ಒಳಪದರದ ಕಾವಲು ಕಣಗಳನ್ನು ಜೀವಂತ ಇಡುವ ಒಂದು 'ಗುಂಡಿ'ಯನ್ನು ಒತ್ತುತ್ತವೆ. 2011ರ ಇಂಗ್ಲೆಂಡಿನ ಸಂಶೋಧನೆಯಲ್ಲಿ ಇಂಥ ಅಂಶಗಳಿಲ್ಲದ ಆಹಾರ ತಿಂದ ಇಲಿಗಳ ಕರುಳಿನಲ್ಲಿ ಆ ಕಣಗಳು ಕಡಿಮೆಯಾದವು. ಆ ಗುಂಡಿಯೇ ಇಲ್ಲದ ಇಲಿಗಳಲ್ಲಿ ಚರ್ಮದ ಕಣಗಳೂ ಉಳಿಯಲಿಲ್ಲ. ಮನುಷ್ಯರ ಮೇಲೆ ನಡೆದ ಒಂದು ಪರೀಕ್ಷೆ ಟೊಮೆಟೊದ್ದು: ಜರ್ಮನಿಯಲ್ಲಿ 2001ರಲ್ಲಿ, ಹತ್ತು ವಾರ ದಿನಕ್ಕೆ 40 ಗ್ರಾಂ ಟೊಮೆಟೊ ಪೇಸ್ಟ್ ಅನ್ನು ಆಲಿವ್ ಎಣ್ಣೆಯೊಂದಿಗೆ ತಿಂದವರ ಚರ್ಮ ಬಿಸಿಲಿನಂಥ ಕಿರಣಕ್ಕೆ ಕಡಿಮೆ ಕೆಂಪಾಯಿತು. ಎಣ್ಣೆಯಲ್ಲಿ ಬಾಡಿಸಿದ ಟೊಮೆಟೊ ನಮಗೇನು ಹೊಸತಲ್ಲ.

ಈಗ ನಾನು ಮುಖ್ಯವೆಂದುಕೊಂಡ ಮಾತು. ಮಳೆಗಾಲದಲ್ಲಿ ಮನೆಮಂದಿಗೆಲ್ಲ ಹುಳುಕಡ್ಡಿ ಹರಡಿದಾಗ ಇದಾವುದೂ ಮದ್ದಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ, ಸ್ಟೀರಾಯ್ಡ್ ಬೆರೆತ ಕ್ರೀಮು ತುರಿಕೆಯನ್ನು ಎರಡೇ ದಿನದಲ್ಲಿ ನಿಲ್ಲಿಸುತ್ತದೆ. ಅದು ನಿಲ್ಲಿಸುವುದು ಚರ್ಮದ ಕಾವಲನ್ನೇ. ಒಳಗೆ ಬೂಷ್ಟು ನೆಮ್ಮದಿಯಾಗಿ ಹಬ್ಬುತ್ತದೆ. ಬೆಳ್ಳಗಾಗಲು ಹಚ್ಚುವ ಕೆಲವು ಕ್ರೀಮುಗಳಲ್ಲೂ ಅದೇ ಇರುತ್ತದೆ. ಚರ್ಮದ ವೈದ್ಯರಿಗೆ ತೋರಿಸಿ, ಕಲೆ ಮಾಯವಾದರೂ ಅವರು ಹೇಳಿದಷ್ಟು ವಾರ ಔಷಧ ಬಿಡಬೇಡಿ. ಮನೆಯಲ್ಲಿ ಬೇರೆಯವರಿಗೂ ತುರಿಕೆಯಿದ್ದರೆ ಜೊತೆಗೇ ಚಿಕಿತ್ಸೆ ಆಗಲಿ. ಟವೆಲ್ ಒಬ್ಬೊಬ್ಬರಿಗೆ ಒಂದೊಂದು. ವುಝೂ ಮಾಡಿದ ಮೇಲೆ ಕಾಲ್ಬೆರಳುಗಳ ಸಂದು ಒರೆಸಿಕೊಂಡೇ ಸಾಕ್ಸ್ ಹಾಕಿ.