ಬಾಟಲಿ ಹಾರಿದ್ದು ‘ಹಳೇ ಪಾತ್ರೆ’ ಗಾಯಕನತ್ತ!

‘ಜಂಗ್ಲಿ’ ಚಿತ್ರದ ‘ಹಳೇ ಪಾತ್ರೆ’ ಹಾಡು ಯಾರಿಗೆ ಗೊತ್ತಿಲ್ಲ ಹೇಳಿ! 2009ರ ಚಿತ್ರ. ಸೂರಿ ನಿರ್ದೇಶನ, ದುನಿಯಾ ವಿಜಯ್ ಕುಣಿತ, ಯೋಗರಾಜ್ ಭಟ್ಟರ ಸಾಹಿತ್ಯ, ವಿ. ಹರಿಕೃಷ್ಣ ಸಂಗೀತ. ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು - ಈ ರಸ್ತೆಯಲ್ಲಿ ಮದುವೆ ಮೆರವಣಿಗೆ ಇರಲಿ, ಗಣಪತಿ ಕಳಿಸುವುದಿರಲಿ, ಆ ಹಾಡು ಹತ್ತಿತೆಂದರೆ ಟವೆಲ್ಲುಗಳು ಗಾಳಿಯಲ್ಲಿ! ಮರುವರ್ಷ ‘ಜಾಕಿ’ ಬಂತು. ‘ಎಕ್ಕ ರಾಜ ರಾಣಿ’ಗೆ ಅಪ್ಪು ತೆರೆಯ ಮೇಲೆ ಕುಣಿದರು, ನಾವು ತೆರೆಯ ಕೆಳಗೆ ಕುಣಿದೆವು.

ಎರಡೂ ಹಾಡಿಗೆ ಕಂಠ ಒಂದೇ. ಕೈಲಾಶ್ ಖೇರ್!

ಅದೇ ಕೈಲಾಶ್ ಖೇರ್ 2023ರ ಜನವರಿ 29ರ ಭಾನುವಾರ ಹಂಪಿ ಉತ್ಸವದ ವೇದಿಕೆ ಮೇಲೆ ಹಾಡುತ್ತಿದ್ದಾಗ ಜನರ ನಡುವಿನಿಂದ ನೀರಿನ ಬಾಟಲಿ ಹಾರಿ ಬಂತು. ಕನ್ನಡ ಹಾಡು ಹಾಡಲಿಲ್ಲ ಎಂಬ ಸಿಟ್ಟು. ಗಾಯಕರಿಗೆ ಪೆಟ್ಟಾಗಲಿಲ್ಲ. ಇಬ್ಬರು ಹುಡುಗರನ್ನು ಪೊಲೀಸರು ಹಿಡಿದರು. ಮರುದಿನ ದೇಶದ ಪತ್ರಿಕೆಗಳಲ್ಲೆಲ್ಲ ಹಂಪಿಯ ಹೆಸರು… ವಿರೂಪಾಕ್ಷನ ಗೋಪುರಕ್ಕಾಗಿ ಅಲ್ಲ, ಒಂದು ಪ್ಲಾಸ್ಟಿಕ್ ಬಾಟಲಿಗಾಗಿ!

ಖೇರ್ ಸಣ್ಣ ಆಸಾಮಿಯಲ್ಲ. ಮೀರತ್‌ನಲ್ಲಿ ಹುಟ್ಟಿದವರು, ‘ಅಲ್ಲಾ ಕೆ ಬಂದೆ’ ಹಾಡಿನಿಂದ ಮನೆಮಾತಾದವರು, 2017ರಲ್ಲಿ ಪದ್ಮಶ್ರೀ. ಮೂರು ದಿನದ ಆ ಉತ್ಸವವನ್ನು ಜನವರಿ 27ರಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಉದ್ಘಾಟಿಸಿದ್ದರು. ಆಹ್ವಾನಿತರ ಪಟ್ಟಿಯಲ್ಲಿ ಅರ್ಮಾನ್ ಮಲಿಕ್ ಇದ್ದರು, ಅರ್ಜುನ್ ಜನ್ಯ ಇದ್ದರು, ರಘು ದೀಕ್ಷಿತ್ ಇದ್ದರು. ಇನ್ನೊಂದು ಹೆಸರು ಓದಿ ನಾನು ಹಣೆ ಚಚ್ಚಿಕೊಂಡೆ. ವಿ. ಹರಿಕೃಷ್ಣ! ಹಾಡು ಕಟ್ಟಿದವರು, ಹಾಡಿದವರು, ಇಬ್ಬರ ಹೆಸರೂ ಒಂದೇ ಉತ್ಸವದ ಪಟ್ಟಿಯಲ್ಲಿ! ಅವರಿಬ್ಬರನ್ನು ಒಂದೇ ವೇದಿಕೆಯಲ್ಲಿ ಹತ್ತು ನಿಮಿಷ ನಿಲ್ಲಿಸುವ ಯೋಚನೆ ಯಾರಿಗಾದರೂ ಹೊಳೆದಿದ್ದರೆ? ಹಂಪಿಯ ಬಂಡೆಗಳೇ ಎದ್ದು ಕುಣಿಯುತ್ತಿದ್ದವು.

ಚಹಾದಂಗಡಿ ಪಂಚಾಯ್ತಿ

ನಮ್ಮ ಕಡೆಯ ಹುಡುಗರಿಗೆ ಹಂಪಿ ದೂರವಲ್ಲ. ಕ್ರೂಸರ್ ಮಾಡಿಕೊಂಡು ಗಂಗಾವತಿ ಮೇಲೆ ಹಾಯ್ದರೆ ಆಯಿತು. ಸಿಂಧನೂರು ಬಸ್‌ಸ್ಟ್ಯಾಂಡ್ ಬಳಿಯ ಚಹಾದಂಗಡಿಯಲ್ಲಿ ಈ ಮಾತು ತೆಗೆದೆ. ಮಿರ್ಚಿ ತಿನ್ನುತ್ತಿದ್ದವನೊಬ್ಬ ಎದ್ದೇ ನಿಂತ.

“ನಮ್ಮ ನೆಲಕ್ಕ ಬಂದು ನಮ್ಮ ಹಾಡು ಹಾಡ್ಲಿಲ್ಲಂದ್ರ ಹೆಂಗಣ್ಣ? ರೊಕ್ಕ ನಮ್ಮದು, ಜಾತ್ರಿ ನಮ್ಮದು!”

ಪ್ರಶ್ನೆ ಸರಿಯಾಗಿದೆ. ಸರ್ಕಾರದ ದುಡ್ಡಿನ ಉತ್ಸವದಲ್ಲಿ ಕನ್ನಡ ಕೇಳುವುದು ಭಿಕ್ಷೆಯಲ್ಲ, ಹಕ್ಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಾನೂ ಒಂದು ಪ್ರಶ್ನೆ ಹಾಕಿದೆ: “‘ಹಳೇ ಪಾತ್ರೆ’ ಹಾಡಿದ್ದು ಯಾರಪ್ಪಾ?”

“ದುನಿಯಾ ವಿಜಯ್!” ಅಂದ ಒಬ್ಬ. ನಗು. “ವಿಜಯ್ ಪ್ರಕಾಶ್ ಇರಬೇಕು” ಅಂದ ಇನ್ನೊಬ್ಬ. ಆರು ಜನರಲ್ಲಿ ಒಬ್ಬನಿಗೂ ಗೊತ್ತಿಲ್ಲ!

ಇದರಲ್ಲಿ ಅವರ ತಪ್ಪೇನೂ ಇಲ್ಲ. ರೇಡಿಯೋ ಕಾಲದಲ್ಲಿ ಹಾಡಿಗೆ ಮುಂಚೆ ಚಿತ್ರದ ಹೆಸರು, ಗಾಯಕರ ಹೆಸರು ಹೇಳಿಯೇ ತಟ್ಟೆ ತಿರುಗಿಸುತ್ತಿದ್ದರು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಎಂಬ ಹೆಸರು ನಮ್ಮ ತಾಯಂದಿರಿಗೂ ಬಾಯಿಪಾಠ. ಅವರಿಬ್ಬರೂ ಆಂಧ್ರದಲ್ಲಿ ಹುಟ್ಟಿದವರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರು ಸೀಮೆಯವರು. ಅವರನ್ನು ಹೊರಗಿನವರು ಅಂದರೆ ಹೊಡೆತ ತಿನ್ನಬೇಕಾದೀತು! ಈಗ ಮೊಬೈಲಿನಲ್ಲಿ ಹಾಡು ಬರುತ್ತದೆ, ಹೀರೋ ಮುಖ ಕಾಣುತ್ತದೆ, ಹಾಡಿದವನು ಯಾರೋ.

ನಮ್ಮ ಸಿಂಧನೂರಿನ ಮಾತೇ ತಗೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಭತ್ತ ಬೆಳೆಯಲು ಬಂದ ಆಂಧ್ರದ ರೈತರ ಕ್ಯಾಂಪುಗಳು ಸುತ್ತಲೂ ಇವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಪುನರ್ವಸತಿ ಕ್ಯಾಂಪುಗಳಿವೆ. ಅಲ್ಲಿ ದುರ್ಗಾಪೂಜೆ, ಇಲ್ಲಿ ತೆಲುಗು ಹಾಡಿಗೆ ಶಿಳ್ಳೆ. ಯಾರೂ ಯಾರಿಗೂ ಬಾಟಲಿ ಎಸೆದದ್ದು ನಾನು ಕಂಡಿಲ್ಲ.

ಕೀಬೋರ್ಡ್ ಹುಡುಗ ಬಿಚ್ಚಿಟ್ಟ ಗುಟ್ಟು

ಹಾಗಾದರೆ ಎಡವಟ್ಟು ಎಲ್ಲಿ? ಮಸ್ಕಿಯಲ್ಲಿ ಆರ್ಕೆಸ್ಟ್ರಾದ ಕೀಬೋರ್ಡ್ ನುಡಿಸುವ ಹುಡುಗನನ್ನು ಹಿಡಿದೆ. ಮಲ್ಲಿಕಾರ್ಜುನ ಗುಡ್ಡದ ಕೆಳಗೆ ಕೂತು ಅವನು ಹೇಳಿದ್ದನ್ನು ಹಾಗೇ ಕೊಡುತ್ತೇನೆ.

“ಅಣ್ಣಾ, ದೊಡ್ಡ ಸಿಂಗರ್ ಅಂದ್ರ ಒಬ್ಬರೇ ಬರಂಗಿಲ್ಲ. ಡ್ರಮ್ಸು, ಗಿಟಾರು ಎಲ್ಲಾ ಅವರ ಸೆಟ್ಟೇ ಬರ್ತದ. ಯಾವ ಹಾಡಾದ ಮ್ಯಾಲೆ ಯಾವುದು ಅಂತ ಮೊದಲೇ ಬರಕೊಂಡಿರ್ತಾರ, ಅಷ್ಟಕ್ಕೇ ಪ್ರಾಕ್ಟೀಸ್. ನಡುವ ನೀವು ‘ಆ ಹಾಡು ಬೇಕು’ ಅಂದ್ರ ಬಾರಿಸೋರಿಗೇ ಬರಂಗಿಲ್ಲ. ಕನ್ನಡ ಗೊತ್ತಿಲ್ಲದವರು ಪದಾನ ತಮ್ಮ ಅಕ್ಷರದಾಗ ಬರಕೊಂಡು ರೆಕಾರ್ಡಿಂಗ್‌ದಾಗ ಹಾಡಿರ್ತಾರ. ಹದಿನೈದು ವರ್ಷದ ಹಿಂದಿಂದು ಯಾರಿಗೆ ನೆನಪಿರ್ತದ? ಕರಿಯೋರು ಬುಕ್ಕಿಂಗ್ ಮಾಡೋವಾಗ್ಲೇ ಹೇಳ್ಬೇಕು - ಎರಡು ಕನ್ನಡ ಹಾಡು ಬೇಕೇ ಬೇಕು ಅಂತ. ಸ್ಟೇಜ್ ಮ್ಯಾಲೆ ಬಂದ ಮ್ಯಾಲೆ ಒದರಿದ್ರ ಏನಾಗ್ತದ?”

ಕಮಿಟಿಯವರೇ, ಕೇಳಿಸಿತೇ? ವಿಮಾನ ಯಾವುದು, ಹೋಟೆಲ್ ಯಾವುದು ಎಂದೆಲ್ಲ ಬರೆಯುವ ಕಾಗದದಲ್ಲಿ ಹಾಡಿಗೊಂದು ಸಾಲು ಜಾಗವಿಲ್ಲವೇ?

ಹೇಳಿದ್ದಕ್ಕೆ ಗಾಯಕರೂ ಕಿವಿಗೊಡಬೇಕು ಬಿಡಿ. 2025ರ ಏಪ್ರಿಲ್ 25ರಂದು ಬೆಂಗಳೂರಿನ ವಿರ್ಗೋನಗರದ ಕಾಲೇಜೊಂದರಲ್ಲಿ ಏನಾಯಿತು ನೋಡಿ. ‘ಕನ್ನಡ, ಕನ್ನಡ’ ಎಂದು ಹುಡುಗನೊಬ್ಬ ಕೂಗಿದ. ಕೂಗಿದ ರೀತಿ ಹಿಡಿಸದ ಸೋನು ನಿಗಮ್, ಮೂರು ದಿನದ ಹಿಂದೆ ಪಹಲ್ಗಾಮ್‌ನಲ್ಲಿ ನಡೆದ ರಕ್ತಪಾತವನ್ನು ಅದಕ್ಕೆ ತಳುಕು ಹಾಕಿ ಮಾತಾಡಿಬಿಟ್ಟರು. ಅಬ್ಬಾ! ಪೊಲೀಸ್ ಕೇಸಾಯಿತು, ಫಿಲಂ ಚೇಂಬರ್ ಅಸಹಕಾರ ಅಂದಿತು, ಚಿತ್ರವೊಂದರಿಂದ ಅವರ ಹಾಡನ್ನೇ ಕಿತ್ತರು. ಮೇ ತಿಂಗಳಲ್ಲಿ ಅವರು ಕ್ಷಮೆ ಕೇಳಿದರು. ಬಲವಂತದ ಕ್ರಮ ಬೇಡವೆಂದು ಹೈಕೋರ್ಟ್ ಹೇಳಿತು. 2006ರಲ್ಲಿ ‘ಮುಂಗಾರು ಮಳೆ’ಯ ‘ಅನಿಸುತಿದೆ’ ಹಾಡಿ ಊರೂರಿನ ಹುಡುಗರಿಗೆ ಪ್ರೀತಿಯ ಜ್ವರ ಹತ್ತಿಸಿದ ಕಂಠ ಅದು. ಅಂಥವರ ಬಾಯಲ್ಲಿ ಅಂಥ ಮಾತೇ? ನನಗಂತೂ ಆ ಬಾಟಲಿಗಿಂತ ಈ ಮಾತೇ ಹೆಚ್ಚು ನೋವು ಕೊಟ್ಟಿತು.

ಸ್ಟಾರ್ ಇಲ್ಲದೆ ಹಬ್ಬವೇ ಇಲ್ಲ ಎನ್ನುವವರು ಒಮ್ಮೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಮೊಹರಂ ಹೊತ್ತಿಗೆ ಹೋಗಬೇಕು. ಹಿಂದೂ ಮುಸ್ಲಿಂ ಕೂಡಿ ಅಲಾಯಿ ದೇವರು ಮಾಡುವ ಊರು. ನಮ್ಮ ಸೀಮೆಯ ಹೆಜ್ಜೆಮೇಳದವರು ಕರ್ಬಲಾದ ಕಥೆಯನ್ನು ರಿವಾಯತ್ ಪದ ಮಾಡಿ ಅಚ್ಚ ಕನ್ನಡದಲ್ಲಿ ಹಾಡುತ್ತಾರೆ. ಅವರಿಗೆ ವಿಮಾನವಿಲ್ಲ, ಹೋಟೆಲಿಲ್ಲ. ವಚನ ಹಾಡಿ ನಾಡು ಗೆದ್ದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರೂ ಇದೇ ರಾಯಚೂರು ಜಿಲ್ಲೆಯವರೇ. ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರು.

ಆದರೂ ಸ್ಟಾರ್ ಬೇಕು ಕಣ್ರಿ, ಸುಳ್ಳು ಯಾಕೆ ಹೇಳಲಿ. 2024ರ ಅಕ್ಟೋಬರಿನಲ್ಲಿ ಸಿಂಧನೂರಿನಲ್ಲೇ ದಸರಾ ಉತ್ಸವ ನಡೆಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಂದರು. ಆಸೆ ಬೆಳೆದಿದೆ. ಒಂದು ದಿನ ಕೈಲಾಶ್ ಖೇರ್ ನಮ್ಮೂರಿಗೇ ಬಂದರೆ, ‘ಹಳೇ ಪಾತ್ರೆ’ ಮರೆತಿದ್ದರೆ ಏನು ಮಾಡ್ತೀಯೋ ಅಂತ ಆ ಕೀಬೋರ್ಡ್ ಹುಡುಗನನ್ನು ಕೇಳಿದೆ.

“ಮರೆತಿರ್ಲಿ ಬಿಡಣ್ಣ! ನಾನು ಬಿಟ್ ಹಿಡಿತೀನಿ, ಅವರು ಮೊದಲ್ನೇ ಪದ ಎತ್ಲಿ ಸಾಕು. ಉಳಿದದ್ದು ಮಂದಿನೇ ಹಾಡ್ತದ.”