ಗರ್ಭಕೋಶದ ಲ್ಯಾಪ್ರೋಸ್ಕೋಪಿ: ಮನೆಯಲ್ಲಿ ಚೇತರಿಕೆಯ ಆರು ವಾರ

ಲ್ಯಾಪ್ರೋಸ್ಕೋಪಿ ವಿಧಾನದಲ್ಲಿ ಗರ್ಭಕೋಶ ತೆಗೆಸಿಕೊಂಡ ಮಹಿಳೆಯರು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲೇ ಮನೆಗೆ ಮರಳುವುದರಿಂದಲೂ, ಹೊಟ್ಟೆಯ ಮೇಲೆ ಕಾಣುವ ಗಾಯಗಳು ಮೂರು-ನಾಲ್ಕೇ ಆಗಿದ್ದು ಪುಟ್ಟವಾಗಿರುವುದರಿಂದಲೂ, ಅವರು ಆಗಲೇ ಗುಣಮುಖರಾದರೆಂದು ಮನೆಯವರು ಭಾವಿಸುವುದುಂಟು. ಆದರೆ ಗರ್ಭಕೋಶವನ್ನು ಬೇರ್ಪಡಿಸಿದ ಮೇಲೆ ಯೋನಿಯ ಮೇಲ್ತುದಿಯನ್ನು ಹೊಲಿದು ಮುಚ್ಚಲಾಗಿರುತ್ತದೆ. ಕಣ್ಣಿಗೆ ಕಾಣದ ಆ ಹೊಲಿಗೆ ಬಲಗೊಳ್ಳಲು ಆರರಿಂದ ಎಂಟು ವಾರಗಳೇ ಬೇಕಾಗುವುದರಿಂದ ಚೇತರಿಕೆಯನ್ನು ಅದರ ಲೆಕ್ಕದಲ್ಲೇ ಅಳೆಯಬೇಕು.

ಅಮೆರಿಕದ ವೈದ್ಯ ಹ್ಯಾರಿ ರೀಚ್ 1988ರಲ್ಲಿ ಮೊದಲು ನಡೆಸಿದ ಈ ಶಸ್ತ್ರಚಿಕಿತ್ಸೆ ಇಂದು ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಸಾಮಾನ್ಯವಾಗಿದ್ದು, ಮರಾಠಿ ನೆರೆಹೊರೆಯವರ ಮಾತಿನಲ್ಲಿ ದುರ್ಬೀಣಿನ ಆಪರೇಷನ್ ಎನಿಸಿಕೊಳ್ಳುತ್ತದೆ. ಒಳಗಿನ ಅಂಗಗಳು ಸ್ಪಷ್ಟವಾಗಿ ಕಾಣುವಂತೆ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬುತ್ತಾರೆ; ಉಳಿದ ಅನಿಲವು ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸುವುದರಿಂದ ಮೊದಲ ಎರಡು-ಮೂರು ದಿನ ಭುಜ ನೋಯುತ್ತದೆ, ನಡೆದಾಡಿದಂತೆ ಅದು ಶಮನವಾಗುತ್ತದೆ.

ಬಾಣಂತಿಯಂತೆ ಮಲಗಿಸಿ, ನೀರು ಕಡಿಮೆ ಕೊಟ್ಟು ಪಥ್ಯ ಮಾಡಿಸುವ ಹಳೆಯ ರೂಢಿ ಇಲ್ಲಿ ಹಾನಿಯನ್ನೇ ಮಾಡುತ್ತದೆ, ಏಕೆಂದರೆ ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಮಲಬದ್ಧತೆಯಿಂದ ಮುಕ್ಕಿರಿದರೆ ಒಳಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದ ಮನೆಯೊಳಗೆ ಆಗಾಗ ನಡೆಯುವುದು, ಸಾಕಷ್ಟು ನೀರು ಕುಡಿಯುವುದು, ಸೊಪ್ಪು, ಕಾಳು, ಹಣ್ಣು ತಿನ್ನುವುದು ಅಗತ್ಯ. ಕೆಲವು ವಾರ ಕಂದುಬಣ್ಣದ ಅಲ್ಪ ಸ್ರಾವವಾಗುವುದು ಸಹಜ.

ಮುಂಬಯಿ ಸುತ್ತಲಿನ ಈ ಊರುಗಳ ದಿನಚರಿಯಲ್ಲಿ ಕೆಲವು ಎಚ್ಚರಗಳು ವಿಶೇಷವಾಗಿ ಬೇಕು. ಲಿಫ್ಟ್ ಇಲ್ಲದ ಹಳೆಯ ಕಟ್ಟಡಗಳಲ್ಲಿ ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಬಹುದಾದರೂ, ನಲ್ಲಿಗೆ ನೀರು ಬಂದಾಗ ತುಂಬಿದ ಬಕೆಟ್ಟುಗಳನ್ನು ಎತ್ತುವುದು, 14.2 ಕಿಲೋ ಅನಿಲ ತುಂಬಿದ ಸಿಲಿಂಡರನ್ನು ಸರಿಸುವುದು ಆರು ವಾರ ಸಲ್ಲದು. ಕುಳಿತು ಮಾಡುವ ಕೆಲಸಕ್ಕೆ ಹಲವರು ಮೂರು-ನಾಲ್ಕು ವಾರಗಳಲ್ಲಿ ಮರಳಬಲ್ಲರು, ಆದರೆ ಬೆಳಗಿನ ಲೋಕಲ್ ರೈಲಿನಲ್ಲಿ ನೂಕುನುಗ್ಗಲಿನ ನಡುವೆ ನಿಂತು ಪ್ರಯಾಣಿಸುವುದೇ ಕೆಲಸಕ್ಕಿಂತ ದೊಡ್ಡ ಶ್ರಮವಾದುದರಿಂದ, ವೈದ್ಯರು ರಜೆಯ ಅವಧಿ ನಿಗದಿಪಡಿಸುವಾಗ ಅದನ್ನೂ ಅವರಿಗೆ ತಿಳಿಸಬೇಕು. ಇಎಸ್‌ಐ ವಿಮೆಗೆ ಒಳಪಟ್ಟ ಅರ್ಹ ಕಾರ್ಮಿಕ ಮಹಿಳೆಯರಿಗೆ ವೈದ್ಯರ ಪ್ರಮಾಣಪತ್ರದ ಆಧಾರದಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಅನಾರೋಗ್ಯ ಭತ್ಯೆ ದೊರೆಯುತ್ತದೆ. ದಾಂಪತ್ಯ ಸಂಪರ್ಕವನ್ನು ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ ಮುಂದೂಡಬೇಕು.

ಅಂಡಾಶಯಗಳನ್ನೂ ತೆಗೆದಿದ್ದರೆ ಋತುಬಂಧ ಒಮ್ಮೆಲೇ ಉಂಟಾಗಿ ಮೈ ಬಿಸಿಯೇರುವುದು, ನಿದ್ರೆ ಕೆಡುವುದು, ಮನಸ್ಸು ಕುಗ್ಗುವುದು ಕಾಣಿಸಬಹುದು. ಇದಕ್ಕೆ ಚಿಕಿತ್ಸೆ ಇರುವುದರಿಂದ ಸುಮ್ಮನೆ ಸಹಿಸಬೇಕಾಗಿಲ್ಲ. ತೆಗೆದ ಅಂಗದ ಬಯಾಪ್ಸಿ ವರದಿಯನ್ನು ತಪ್ಪದೆ ಪಡೆದು ವೈದ್ಯರಿಗೆ ತೋರಿಸಬೇಕು.

100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತಸ್ರಾವ, ದುರ್ವಾಸನೆಯ ಸ್ರಾವ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ನಿಲ್ಲದ ವಾಂತಿ, ಮೂತ್ರ ಕಟ್ಟುವುದು, ಒಂದು ಕಾಲು ಊದಿ ನೋಯುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಎದೆನೋವು, ಉಸಿರಾಟದ ತೊಂದರೆ ಕಾಣಿಸಿದರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಮನೆಯ ಹೆಣ್ಣುಮಗಳು ನಡೆದಾಡುತ್ತಿದ್ದಾಳೆಂಬ ಕಾರಣಕ್ಕೆ ಅಡುಗೆಮನೆಯ ಭಾರವನ್ನೆಲ್ಲ ಮತ್ತೆ ಅವಳ ಹೆಗಲಿಗೇರಿಸದೆ, ಆರು ವಾರ ಆ ಕೆಲಸಗಳನ್ನು ಪತಿ, ಮಕ್ಕಳು ಹಂಚಿಕೊಳ್ಳುವುದು ಔಷಧದಷ್ಟೇ ಅಗತ್ಯವಾದ ಚಿಕಿತ್ಸೆ.